ಎರಡು ಕಪ್ಪು ಗುಂಡಿಗಳು

ಮೊದಲು ಸದ್ದು, ಆಮೇಲೆ ಕಾರು, ಅನಂತರ ದೂರು, ಕೊನೆಗೆ ತಪ್ಪೊಪ್ಪಿಗೆ. ಶನಿವಾರ ಘಟನೆಗಳು ನಡೆದ ಕ್ರಮ ಇದು.

ನಸುಕಿನಲ್ಲಿ ನಾರಾಯಣಪೇಟೆಯ ಓಣಿಯವರು ಸೀರೆ ವ್ಯಾಪಾರಿ ಭೀಮಶಂಕರನ ಹಳೆಯ ಮೋರಿಸ್ ಮೈನರ್ ಚಾಲೂ ಆದ ಸದ್ದು ಕೇಳಿದರು. ಬಿಸಿಲು ಏರುವ ಮೊದಲು, ಗದ್ವಾಲದ ದಾರಿಯಲ್ಲಿ ಜೂರಾಲ ಜಲಾಶಯದ ದಂಡೆಯ ಮೇಲೆ ಅದೇ ಕಾರು ಖಾಲಿ ನಿಂತಿದ್ದನ್ನು ಮೀನುಗಾರರು ಕಂಡರು. ಬೀಗದ ಕೈ ಅದರಲ್ಲೇ ಇತ್ತು. ನೀರಿನ ಅಂಚಿನಲ್ಲಿ ಅವನ ಚಪ್ಪಲಿಗಳಿದ್ದವು. ಮಧ್ಯಾಹ್ನ ಅವನ ಹೆಂಡತಿ ಗಂಗಾಂಬಿಕಾ ಗಂಡ ಕಾಣೆಯಾಗಿದ್ದಾನೆ ಎಂದು ದೂರು ಕೊಟ್ಟಳು. ದೀಪ ಹಚ್ಚುವ ಹೊತ್ತಿಗೆ, ಅವನನ್ನು ನೀರಿಗೆ ದೂಡಿದವಳು ತಾನೇ ಎಂದಳು.

ಈಗ ಭಾನುವಾರದ ಬೆಳಗು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ ಮೋರಿಸ್, ಮಕ್ತಲದ ಠಾಣೆಯ ಅಂಗಳದಲ್ಲಿ ರಾತ್ರಿಯಿಡೀ ಮಂಜಿಗೆ ಮೈಯೊಡ್ಡಿ ನಿಂತಿತ್ತು. ಸಬ್ ಇನ್‌ಸ್ಪೆಕ್ಟರ್ ರಜಿತಾ ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಕಬ್ಬಿಣ ಕೊರೆಯುವಷ್ಟು ತಣ್ಣಗಿತ್ತು. ಅವಳಿಗೆ ಬೇಕಾಗಿದ್ದದ್ದು ಆ ತಣ್ಣನೆಯ ಸ್ಥಿತಿಯೇ.

ಹೆಡ್ ಕಾನ್‌ಸ್ಟೇಬಲ್ ಕುರುಮಯ್ಯ ಹತ್ತಿರ ಬಂದ. ಭಾನುವಾರ ಮೈಲಾರನ ವಾರ. ಕುರುಮಯ್ಯನ ಹಣೆಯ ಮೇಲಿನ ಭಂಡಾರದ ಅರಿಶಿನ ಇನ್ನೂ ಹಸಿಯಾಗಿತ್ತು.

"ದೊಡ್ಡ ಸಾಹೇಬ್ರು ಮತ್ತ ಫೋನ್ ಮಾಡಿದ್ರು, ಮೇಡಂ. ರಾಯಚೂರಿಗೆ, ಅಲಂಪುರಕ್ಕ ಹುಡುಕಾಕ ಹೋದವರನ್ನ ವಾಪಸ್ ಕರೀರಿ ಅಂದ್ರು. ಹೆಂಡ್ತಿನೇ ಒಪ್ಪಿಕೊಂಡ ಮ್ಯಾಗ ಜೀವಂತ ಮನುಷ್ಯಾನ್ನ ಯಾಕ ಹುಡುಕ್ತೀರಿ ಅಂತ ಕೇಳ್ತಾರ."

"ನೀವೇನಂದ್ರಿ?"

"ಮೇಡಂ ಕಾರಿನ ಜೋಡಿ ಮಾತಾಡಾಕ ಹತ್ಯಾರ ಅಂದೆ."

ರಜಿತಾ ನಗಲಿಲ್ಲ. ಆ ಹೆಂಗಸನ್ನು ಮಧ್ಯಾಹ್ನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಾಗಿತ್ತು. ಅವಳ ಮಾತು ನಿಜವಾದರೆ ಹುಡುಕಾಟ ಮುಗಿಯಿತು. ಸುಳ್ಳಾದರೆ, ಎಲ್ಲೋ ಉಸಿರಾಡುತ್ತಿರಬಹುದಾದ ಒಬ್ಬ ಮನುಷ್ಯನನ್ನು ಇನ್ನು ಯಾರೂ ಹುಡುಕುವುದಿಲ್ಲ.

ಕಾರಿನ ಮೇಲಿನ ಬೆರಳಚ್ಚುಗಳಿಂದ ಪ್ರಯೋಜನವಿರಲಿಲ್ಲ. ದಂಡೆಯ ಮೇಲೆ ಸೇರಿದ್ದ ಜನರೆಲ್ಲ ಅದನ್ನು ಸವರಿದ್ದರು, ಕೆಲವರು ಒಳಗೆ ಕುಳಿತು ಫೋಟೋ ತೆಗೆಸಿಕೊಂಡಿದ್ದರು. ಆದ್ದರಿಂದ ರಜಿತಾ ನಿನ್ನೆ ಸಂಜೆ ಕಾರಿನ ಮೈಯನ್ನು ಬಿಟ್ಟು ಅದರ ಸ್ವಭಾವವನ್ನು ಪರೀಕ್ಷಿಸಿದ್ದಳು.

ಅದು ಭೀಮಶಂಕರನ ಅಜ್ಜ ಹೈದರಾಬಾದಿನಲ್ಲಿ ಕೊಂಡ ಕಾರು. ರಾಜ್ಯ ಬೇರೆಯಾಯಿತು, ನಾರಾಯಣಪೇಟೆ ಜಿಲ್ಲೆಯೂ ಆಯಿತು. ಕಾರಿನ ಕಪ್ಪು ನಂಬರ್ ಫಲಕ ಮಾತ್ರ ಹಾಗೇ ಉಳಿಯಿತು. ಭೀಮಶಂಕರ ಅದನ್ನು ಮದುವೆ ಮೆರವಣಿಗೆಗೆ ಕೊಡುತ್ತಿರಲಿಲ್ಲ, ಸಿನಿಮಾದವರು ಕೇಳಿದಾಗಲೂ ಕೊಟ್ಟಿರಲಿಲ್ಲ. ಸಂತೆಯಿಂದ ಸೊಪ್ಪು ತರಲು, ಮಗ್ಗದವರಿಗೆ ನೂಲು ಮುಟ್ಟಿಸಲು, ಜ್ವರ ಬಂದವರನ್ನು ದವಾಖಾನೆಗೆ ಒಯ್ಯಲು, ನಾರಾಯಣಪೇಟೆಯಿಂದ ಮಕ್ತಲದ ಮೇಲೆ ಗದ್ವಾಲಕ್ಕೆ ಸೀರೆ ಸಾಗಿಸಲು, ಎಲ್ಲಕ್ಕೂ ಅದೇ ಕಾರು. ಇತರರು ಗಾಜಿನ ಕೋಣೆಯಲ್ಲಿ ಇಡುವಂಥದ್ದನ್ನು ಅವನು ಸೈಕಲ್ಲಿನಂತೆ ದುಡಿಸುತ್ತಿದ್ದ.

ಹಾಗೆ ದುಡಿದ ಕಾರಿಗೆ ತನ್ನದೇ ಪಟ್ಟುಗಳಿರುತ್ತವೆ. ಚಾಲಕನ ಮುಂದಿನ ಫಲಕದಲ್ಲಿ ಒಂದೇ ಅಳತೆಯ ಎರಡು ಕಪ್ಪು ಗುಂಡಿಗಳಿದ್ದವು. ಅಕ್ಷರಗಳು ಸವೆದು ಹೋಗಿದ್ದವು. ಒಂದನ್ನು ಎಳೆದರೆ ಸ್ಟಾರ್ಟರ್ ತಿರುಗುತ್ತಿತ್ತು. ಇನ್ನೊಂದು ಚೋಕ್, ಇಂಜಿನ್ ತಣ್ಣಗಿರುವಾಗ ಅದಕ್ಕೆ ಹೆಚ್ಚು ಪೆಟ್ರೋಲ್ ಉಣಿಸುವ ಗುಂಡಿ. ಅದನ್ನು ಎಳೆದು ತಿರುವಿದರೆ ಎಳೆದಲ್ಲೇ ನಿಲ್ಲಬೇಕು. ಈ ಕಾರಿನಲ್ಲಿ ಹಲ್ಲು ಸವೆದಿದ್ದರಿಂದ, ಕೈ ಬಿಟ್ಟ ಕೂಡಲೇ ಅದು ಒಳಗೆ ಜಾರುತ್ತಿತ್ತು, ತಣ್ಣನೆಯ ಇಂಜಿನ್ ಸತ್ತು ಹೋಗುತ್ತಿತ್ತು.

ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಹಿಡಿದು ಇಂಜಿನ್ ಚಾಲೂ ಮಾಡಬಹುದು. ಆದರೆ ಆಮೇಲೆ ಸ್ಟೀರಿಂಗ್ ಹಿಡಿಯುವವರು ಯಾರು, ಗೇರು ಹಾಕುವವರು ಯಾರು? ಶನಿವಾರದ ನಸುಕಿನಲ್ಲಿ ಈ ಕಾರನ್ನು ಓಣಿ ದಾಟಿಸಿದವರು ಆ ಗುಂಡಿಯನ್ನು ಯಾವುದೋ ಒಂದು ವಸ್ತುವಿನಿಂದ ಹಿಡಿಸಿರಲೇಬೇಕು. ರಜಿತಾ ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಫಲಕದ ಗೂಡಿನಲ್ಲಿ ಹುಡುಕಿದ್ದಳು. ಅಂಥ ವಸ್ತು ಏನೂ ಸಿಕ್ಕಿರಲಿಲ್ಲ.

ಆದ್ದರಿಂದ ಅವಳು ಮೂವರನ್ನು ಅಂಗಳಕ್ಕೆ ಕರೆಸಿದ್ದಳು.

ಗಂಗಾಂಬಿಕಾ ಮೆಟ್ಟಿಲ ಮೇಲೆ ಕುಳಿತಿದ್ದಳು. ವಿಭೂತಿ ತಪ್ಪಿರಲಿಲ್ಲ, ತಲೆ ಬಾಚಿ ಗಂಟು ಹಾಕಿಕೊಂಡಿದ್ದಳು. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಮಲ್ಲೇಶ್ವರಿ; ಮಕ್ತಲದವಳು, ಗದ್ವಾಲದ ಮಗ್ಗದ ಕೇಂದ್ರದಲ್ಲಿ ಸೀರೆಯ ಅಂಚಿಗೆ ನಮೂನೆ ಬರೆಯುವವಳು. ಕಳೆದ ಬೇಸಗೆಯಿಂದ ಭೀಮಶಂಕರ ಅವಳನ್ನು ದಿನವೂ ಇಲ್ಲಿಂದ ಗದ್ವಾಲಕ್ಕೆ ತನ್ನ ಕಾರಿನಲ್ಲಿ ಒಯ್ಯುತ್ತಿದ್ದ. ಮೂರನೆಯವನು ಭೀಮಶಂಕರನ ತಮ್ಮ ಅಂಜನಕುಮಾರ. ಅವನು ತನ್ನ ಹೊಸ ಬಿಳಿ ಗಾಡಿಯನ್ನು ಬೇಕೆಂದೇ ಮೋರಿಸ್‌ನ ಪಕ್ಕಕ್ಕೆ ತಂದು ನಿಲ್ಲಿಸಿದ್ದ. ಪೊಲೀಸರು ಆ ಗಾಡಿಯನ್ನು ಸುತ್ತುಬಳಸಿ ಹೋಗಿ ಹಳೆಯ ಕಾರಿನ ಸುತ್ತ ನಿಂತಿದ್ದರು. ಅವನು ಅದನ್ನೇ ನೋಡುತ್ತಿದ್ದ.

"ಅಂಜನಕುಮಾರ್ ಅವರೆ, ಈ ಕಾರನ್ನ ನೀವು ಓಡಿಸೀರೇನು?"

"ನಾನಾ?" ಅವನು ಮೂಗು ಮುರಿದ. "ಮುಟ್ಟಿದ್ರ ಕೈ ತೊಳ್ಕೋಬೇಕು, ಅಂಥಾ ಡಬ್ಬಿ. ಮತ್ತ ಅಣ್ಣ ಮುಟ್ಟಾಕ ಬಿಡ್ತಿದ್ನೇನ್ರಿ? ನಮ್ಮಜ್ಜ ಸಾಯೋವಾಗ ಚಾವಿ ಅವನ ಕೈಯಾಗ ಕೊಟ್ಟ. ನನಗ ಏನೂ ಬೆಳೀದ ಎರಡೆಕರೆ ಕರಲು ಭೂಮಿ ಕೊಟ್ಟ. ಆವತ್ತಿಂದ ಆ ಸೀಟಿನ ಮ್ಯಾಗ ನಾ ಕುಂತಿಲ್ಲ. ಕುಂದ್ರು ಅಂತ ಯಾರೂ ಕರೆದೂ ಇಲ್ಲ."

"ಒಮ್ಮೆನೂ?"

"ಒಮ್ಮೆನೂ ಇಲ್ಲ, ಮೇಡಂ. ನಂದು ನನಗೈತಿ." ಅವನು ಬಿಳಿ ಗಾಡಿಯ ಮೇಲೆ ಕೈ ತಟ್ಟಿದ. ಯಾರೂ ಆ ಕಡೆ ತಿರುಗಲಿಲ್ಲ.

ರಜಿತಾ ಮೆಟ್ಟಿಲ ಬಳಿಗೆ ಹೋಗಿ ಗಂಗಾಂಬಿಕಾಳ ಪಕ್ಕದಲ್ಲಿ ಕುಳಿತಳು.

"ಅಕ್ಕಾ, ನಿನ್ನೆ ಹೇಳಿದ್ದನ್ನ ಇನ್ನೊಮ್ಮೆ ಹೇಳ್ರಿ."

"ಎಷ್ಟು ಸಲ ಹೇಳ್ಲಿ? ಹಾಲಿನಾಗ ನಿದ್ದಿ ಗುಳಿಗಿ ಹಾಕಿದೆ. ಕಾರಿನಾಗ ಕುಂದ್ರಿಸಿದೆ. ಜೂರಾಲಕ್ಕ ಒಯ್ದೆ. ದೂಡಿದೆ."

"ಓಡಿಸಿದವರು ನೀವಾ?"

"ಹೂಂ, ನಾನಾ. ತವರೂರು ದಾಮರಗಿದ್ದದಾಗ ನಮ್ಮಪ್ಪನ ಟ್ರ್ಯಾಕ್ಟರ್ ಓಡಿಸಿದಾಕಿ ನಾನು. ಈ ಗೊಂಬಿ ಕಾರು ದೊಡ್ಡದೇನು?"

"ಯಾಕ ದೂಡಿದ್ರಿ?"

ಗಂಗಾಂಬಿಕಾ ಗಲ್ಲವನ್ನು ಬೇವಿನ ಮರದತ್ತ ತಿರುಗಿಸಿದಳು. "ಅಲ್ಲಿ ಕುಂತಾಳಲ್ಲ, ಆಕಿನ್ನ ಕೇಳ್ರಿ."

"ನಾ ನಿಮ್ಮನ್ನ ಕೇಳಾಕ ಹತ್ತೀನಿ."

ಗಂಗಾಂಬಿಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಲಗ್ನ ಆದಾಗಿಂದ ಆ ಕಾರಿನ ಹಿಂದಿನ ಸೀಟಿನಾಗ ಕುಂತೀನ್ರಿ ನಾನು. ಮುಂದ ಸೀರಿ ಗಂಟು. 'ಜರಿ ಮುದುಡ್ತೈತಿ, ನೀ ಹಿಂದ ಕುಂದ್ರು' ಅಂತಿದ್ರು. ಇರ್ಲಿ ಅಂದೆ, ಜರಿ ನಮ್ಮ ಅನ್ನ. ಈಕಿ ಬಂದ ಮ್ಯಾಗ ಏನಾತು? ಜರಿ ಮುದುಡೋದು ನಿಂತ್ ಬಿಡ್ತೇನು? ಗಂಟು ಹಿಂದಕ್ಕ ಬಂತು, ನನ್ನ ಮಗ್ಗಲಾಗ. ಈಗ ಗಂಟೂ ನಾನೂ ಜೋಡಿ. ಈಕಿ ಮುಂದ, ಗಾಳಿಗೆ ಕೂದ್ಲಾ ಹಾರಿಸ್ಕೋತ."

ಮಲ್ಲೇಶ್ವರಿಗೆ ಕೇಳಿಸಿತು. ಅವಳು ಎದ್ದು ನಿಂತಳು.

"ಅಕ್ಕಾ, ಮುಂದಿನ ಸೀಟಂತ ನೀವು ಹೊಟ್ಟಿ ಉರ್ಕೋತೀರಿ. ಅಲ್ಲಿ ಕುಂತು ನಾ ಏನು ಕೇಳೀನಿ ಗೊತ್ತೇನು? ಬಾಯಿ ತೆಗೆದ್ರ ಸಾಕು, 'ಸುಮ್ನಿರಮ್ಮಾ, ಇಂಜಿನ್ ಏನೋ ಅಂತೈತಿ, ಕೇಳಾಕ ಬಿಡು' ಅಂತಿದ್ರು ಸಾಹುಕಾರ್ರು. ಗದ್ವಾಲ ಬರೋ ತನಕ ಅದರ ಮಾತಾ ಕೇಳೋದು. ಹೊಸಾ ಸೀರಿ ಉಟ್ಟು ಬಂದ್ರ ಅದನ್ನೂ ನೋಡ್ಲಿಲ್ಲ."

"ನೋಡ್ಲಿ ಅಂತಾ ಉಟ್ಟಿದ್ದೆ ಅಂದಂಗಾತು," ಎಂದಳು ಗಂಗಾಂಬಿಕಾ.

ಮಲ್ಲೇಶ್ವರಿಯ ಕಿವಿ ಕೆಂಪಾಯಿತು. ಅದನ್ನು ಕಂಡಾಗ ಗಂಗಾಂಬಿಕಾಳ ಮುಖದಲ್ಲಿ ಕಾಣಿಸಿದ್ದು ಗೆಲುವಲ್ಲ. ಬಹಳ ದಿನದ ಗುಮಾನಿ ಖಚಿತವಾದವಳ ಸುಸ್ತು.

"ಸರಿ," ಎಂದಳು ರಜಿತಾ. "ಅಕ್ಕಾ, ನಿನ್ನೆ ನಸುಕಿನ್ಯಾಗ ಮಾಡಿದ್ದನ್ನ ಈಗ ಮಾಡಿ ತೋರಿಸ್ರಿ. ಕಾರು ಹಂಗಾ ತಣ್ಣಗೈತಿ. ಚಾಲೂ ಮಾಡಿ ಗೇಟಿನ ತನಕ ಒಯ್ರಿ. ಒಯ್ದ್ರ, ನಿಮ್ಮ ಮಾತು ನಾನು ಬರ್ಕೋತೀನಿ."

ಗಂಗಾಂಬಿಕಾ ಅನುಮಾನಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೋಗಿ ಚಾಲಕನ ಸೀಟಿನಲ್ಲಿ ಕುಳಿತಳು. ಕುಳಿತ ಮೇಲೆ ಮಾತ್ರ ಅವಳ ಕೈ ಒಂದು ಕ್ಷಣ ಸ್ಟೀರಿಂಗಿನ ಮೇಲೆ ಸುಮ್ಮನೆ ನಿಂತಿತು. ಮೊದಲ ಸಲ ಮುಟ್ಟುವವರು ಹಾಗೆ ಮುಟ್ಟುತ್ತಾರೆ.

ಕೀಲಿ ತಿರುವಿದಳು. ಬಾನೆಟ್ಟಿನ ಒಳಗಿನಿಂದ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನಲು ತೊಡಗಿತು. ಕಾರ್ಬುರೇಟರ್ ತುಂಬಿದ ಮೇಲೆ ಆ ಸದ್ದು ತಾನಾಗಿ ನಿಲ್ಲುತ್ತದೆ, ಅಲ್ಲಿಯವರೆಗೆ ಕಾಯಬೇಕು. ಅವಳು ಕಾಯಲಿಲ್ಲ. ಬಲಗಡೆಯ ಗುಂಡಿ ಎಳೆದಳು. ಏನೂ ಆಗಲಿಲ್ಲ, ಅದು ಚೋಕ್. ಕೈ ಬಿಟ್ಟಾಗ ಅದು ಒಳಗೆ ಜಾರಿತು. ಎಡಗಡೆಯದನ್ನು ಎಳೆದಳು. ಸ್ಟಾರ್ಟರ್ ನರಳಿತು, ಇಡೀ ಕಾರು ಅಲುಗಾಡಿತು, ಇಂಜಿನ್ ಹಿಡಿಯಲಿಲ್ಲ. ಮತ್ತೆ ಎಳೆದಳು. ಮತ್ತೆ ಅದೇ.

"ಆವತ್ತು ಆತು. ಇವತ್ತು ಆಗವಲ್ದು."

"ಆವತ್ತು ಅಂದ್ರ ನಿನ್ನೆ, ಅಕ್ಕಾ."

"ಬ್ಯಾಟ್ರಿ ಇಳದೈತಿ."

"ಬ್ಯಾಟ್ರಿ ಬರೋಬರಿ ಐತಿ. ಇದರಾಗ ಒಂದು ಗುಂಡಿ ಎಳೆದ್ರ ನಿಲ್ಲಂಗಿಲ್ಲ. ನಿನ್ನೆ ಅದನ್ನ ಏನು ಹಚ್ಚಿ ನಿಲ್ಲಿಸಿದ್ರಿ?"

ಗಂಗಾಂಬಿಕಾ ಎರಡೂ ಗುಂಡಿಗಳನ್ನು ನೋಡಿದಳು. ಯಾವುದು ಎಂದು ರಜಿತಾ ಬೆರಳು ತೋರಿಸಿರಲಿಲ್ಲ.

"ಹಿಡ್ಕೊಂಡಿದ್ದೆ," ಎಂದಳು.

"ಗೇರು ಹಾಕೋವಾಗ?"

ಗಂಗಾಂಬಿಕಾ ಗೇರಿನತ್ತ ಕೈ ಚಾಚಿ ಹಿಂದಕ್ಕೆಳೆದುಕೊಂಡಳು.

ರಜಿತಾ ಕಿಟಕಿಯ ಮೇಲೆ ಬಾಗಿ ದನಿ ತಗ್ಗಿಸಿದಳು. "ನೀವು ಯಾಕ ಹಿಂಗ ಹೇಳ್ತೀರಿ ಅಂತ ನನಗ ಗೊತ್ತಾಗೈತಿ. ಅವರು ಸತ್ತಾರ ಅಂದ್ರ ನೀವು ಅವರ ಹೆಂಡ್ತಿ. ಅವರು ಬಿಟ್ಟು ಹೋಗ್ಯಾರ ಅಂದ್ರ..."

"ಅನಬ್ಯಾಡ್ರಿ."

"ಮಲ್ಲೇಶ್ವರಿ ಇಲ್ಲೇ ಅದಾರ, ಅಕ್ಕಾ. ಆಕಿ ಎಲ್ಲಿಗೂ ಹೋಗಿಲ್ಲ."

"ಇವತ್ತು ಇಲ್ಲೇ ಅದಾಳ. ನಾಳೆ ಹಿಂದಿಂದ ಹೋಗ್ತಾಳ. ಅವರು ಎಲ್ಲೋ ಮನಿ ನೋಡ್ಯಾರ, ಈಕಿ ಕಾಯಾಕ ಹತ್ಯಾಳ. ಓಣಿ ಹೆಂಗಸ್ರು ನಿನ್ನೆನಾ ಅಂದ್ರು, ನನ್ನ ಮುಂದಾ." ಅವಳ ಕಣ್ಣು ಒಣಗಿಯೇ ಇತ್ತು. "ನೀರಿನಾಗ ಹೋದ್ರು ಅಂದ್ರ ನಾ ಅಳ್ತೀನಿ, ಮುಗೀತು. ಆಕಿ ಕೂಡ ಹೋದ್ರು ಅಂದ್ರ ಹೆಂಗ ಬದುಕ್ಲಿ? ಜೈಲಿಗೆ ಹೋದ್ರೂ ಭೀಮಶಂಕರನ ಹೆಂಡ್ತಿ ಅಂತಾನಾ ಹೋಗ್ತೀನ್ರಿ."

"ಅವರು ಯಾವ ಮನಿನೂ ನೋಡಿಲ್ಲ, ಯಾರೋ ಅವರನ್ನ ಕಟ್ಟಿ ಹಾಕ್ಯಾರ ಅಂದ್ರ? ನಿಮ್ಮ ಈ ಮಾತಿಂದ ಹುಡುಕೋದು ಇವತ್ತಿಗೇ ನಿಲ್ತೈತಿ."

ಗಂಗಾಂಬಿಕಾ ತಲೆ ಎತ್ತಿದಳು. ಇಂಥದೊಂದು ಸಾಧ್ಯತೆಯನ್ನು ಅವಳ ಅಸೂಯೆ ಇಲ್ಲಿಯವರೆಗೆ ಒಳಗೆ ಬಿಟ್ಟಿರಲಿಲ್ಲ. ಅವಳು ಕಾರಿನಿಂದ ಇಳಿದು, ಬಾಗಿಲಿಗೆ ಒರಗಿ ನಿಂತುಬಿಟ್ಟಳು.

ಹೆಂಡತಿ ಈ ಕಾರನ್ನು ನಡೆಸಿಲ್ಲ ಎಂಬುದು ತಿಳಿಯಿತು. ನಡೆಸಿದವರು ಯಾರು ಎಂಬುದು ತಿಳಿದಿರಲಿಲ್ಲ.

"ಕುರುಮಯ್ಯಣ್ಣ, ನೀವೊಂದು ಕೈ ನೋಡ್ರಿ."

"ನಾನು ಕುರಿ ಕಾಯೋ ಮಂದಿ, ಮೇಡಂ," ಎನ್ನುತ್ತಲೇ ಕುರುಮಯ್ಯ ಹೊಟ್ಟೆ ಒಳಗೆಳೆದುಕೊಂಡು ಸೀಟಿನಲ್ಲಿ ತುರುಕಿಕೊಂಡ. "ಏಳುಕೋಟಿ!" ಎಂದು ಮೈಲಾರನನ್ನು ಕೂಗಿ ಎರಡೂ ಗುಂಡಿಗಳನ್ನು ಒಟ್ಟಿಗೆ ಎಳೆದ. ಇಂಜಿನ್ ಕೆಮ್ಮಿತು, ನಡುಗಿತು, ಹಿಡಿದುಕೊಂಡಿತು. ಅವನು ಹಿಗ್ಗಿ ಗೇರಿಗೆ ಕೈ ಹಾಕಿದ. ಚೋಕ್ ಒಳಗೆ ಜಾರಿತು. ಇಂಜಿನ್ ಸತ್ತಿತು. ಅಂಗಳದ ಪೊಲೀಸರು ಗೊಳ್ಳೆಂದರು.

ಅಂಜನಕುಮಾರ ನಗಲಿಲ್ಲ. "ಹಂಗ ಎಳೀಬ್ಯಾಡ್ರಿ," ಎಂದ. "ಹಲ್ಲು ಮುರೀತೈತಿ."

ರಜಿತಾ ಅವನತ್ತ ತಿರುಗದೆ ಮಲ್ಲೇಶ್ವರಿಯನ್ನು ಕೇಳಿದಳು. ದನಿ ಅಂಗಳಕ್ಕೆಲ್ಲ ಮುಟ್ಟುವಷ್ಟು ಇತ್ತು.

"ಸಾಹುಕಾರ್ರನ್ನ ಬಿಟ್ಟು ಈ ಕಾರನ್ನ ನಡೆಸೋರು ಇನ್ನ್ಯಾರಾದ್ರೂ ಅದಾರೇನು?"

"ಯಾರೂ ಇಲ್ರಿ. ಅವರಾ ಹೇಳ್ತಿದ್ರು. 'ಇದಕ್ಕ ಕೈ ಬೇಕಮ್ಮಾ, ನಮ್ಮ ಮನಿತನದಾಗ ಆ ಕೈ ಬಂದಿದ್ದು ನನಗೊಬ್ಬಗಾ' ಅಂತ."

"ತಮ್ಮಗ?"

ಮಲ್ಲೇಶ್ವರಿ ಅಂಜನಕುಮಾರನ ಕಡೆ ನೋಡಿ ಹಿಂಜರಿದಳು.

"ಹೇಳ್ರಿ, ಪರವಾಗಿಲ್ಲ."

"ತಮ್ಮನ ಮಾತು ಬಂದ್ರ ನಗ್ತಿದ್ರು. 'ಅವನು ಪಾಪ, ಗುಂಡಿ ಒತ್ತಿದ್ರ ಓಡೋ ಗಾಡಿಗೆ ತಕ್ಕ ಹುಡುಗ. ಇದರ ಮುಂದ ಕುಂದ್ರಿಸಿದ್ರ ಅಳ್ತಾನ' ಅಂತಿದ್ರು."

ಒಬ್ಬ ಕಾನ್‌ಸ್ಟೇಬಲ್ ಕಿಸಕ್ಕೆಂದ.

"ಹಂಗಂದ್ನೇನು?" ಅಂಜನಕುಮಾರನ ದನಿ ತೆಳ್ಳಗಾಗಿತ್ತು. "ಪರರ ಹೆಂಗಸಿನ ಮುಂದ ಹಂಗಂದ್ನೇನು?"

"ಮಗ್ಗಲಾಗ ಕುಂತು ಕೇಳೀನ್ರಿ."

"ಅತ್ತಿಗಿ, ನಿಮ್ಮ ಮುಂದೂ ಅಂದಾನೇನು?"

ಗಂಗಾಂಬಿಕಾ ಬಾಗಿಲಿಗೆ ಒರಗಿಯೇ ಉತ್ತರಿಸಿದಳು. "ನಮ್ಮನಿ ಊಟದಾಗ ಅದೊಂದು ಪಲ್ಲೆ ಇದ್ದಂಗ, ಮೈದುನ. ದಿನಾ ಅಂತಾರ."

ಒಳಗೆ ಕುಳಿತಿದ್ದ ಕುರುಮಯ್ಯ ಮತ್ತೆ ಗುಂಡಿ ಎಳೆದ. ಸ್ಟಾರ್ಟರ್ ಕರಕರ ಎಂದಿತು. ಅಂಜನಕುಮಾರ ಎರಡು ಗಾಡಿಗಳ ನಡುವಿನ ಜಾಗವನ್ನು ಓಡುವವನಂತೆ ದಾಟಿದ.

"ಇಳೀರಿ ಹವಾಲ್ದಾರ್ರ. ಎಮ್ಮಿ ಹಾಲು ಹಿಂಡ್ದಂಗ ಎಳೀತೀರಲ್ಲ. ಇಳೀರಿ ಅಂದೆ!"

ಕುರುಮಯ್ಯ ರಜಿತಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಇಳಿದ.

ಅಂಜನಕುಮಾರ ಕುಳಿತ. ಬೆನ್ನು ಸೀಟಿನ ತಗ್ಗಿಗೆ ತಾನಾಗಿ ಹೊಂದಿಕೊಂಡಿತು. ಕೀಲಿ ತಿರುವಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಆಲಿಸಿದ. ಪಂಪು ಟಿಕ್ ಟಿಕ್ ಎಂದಿತು, ನಿಧಾನವಾಯಿತು, ನಿಂತಿತು. ಆಗ ಅವನ ಬಲಗೈ ಮೇಲೆ ಹೋಯಿತು. ಬಾಗಿಲಿನ ಮೇಲ್ಗಡೆ, ಚಾವಣಿಯ ಒಳಬಟ್ಟೆಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಎರಡು ಬೆರಳು ಆ ಸೀಳಿನೊಳಗೆ ಹೋಗಿ ಹೊರಬಂದವು. ಅವನ ಕಣ್ಣು ಎದುರಿನ ಗಾಜಿನ ಮೇಲೆಯೇ ಇತ್ತು.

ಬೆರಳ ನಡುವೆ ಇದ್ದದ್ದು ಒಂದು ಕಂಡಿಕೆ. ನೇಕಾರರು ನೂಲು ಸುತ್ತಿ ಲಾಳಿಯೊಳಗೆ ಇಡುವ ಸಣ್ಣ ಕೊಳವೆ. ಉದ್ದಕ್ಕೂ ಸೀಳಿದ್ದು, ಕೈಯ ಜಿಡ್ಡಿಗೆ ಕಪ್ಪಾಗಿತ್ತು.

ಚೋಕ್ ಗುಂಡಿಯನ್ನು ಅರ್ಧ ಎಳೆದ. ಅದರ ಕಾಂಡಕ್ಕೆ ಕಂಡಿಕೆಯನ್ನು ಕಚ್ಚಿಸಿದ. ಗುಂಡಿ ನಿಂತಿತು. ಸ್ಟಾರ್ಟರ್ ಎಳೆದ. ಇಂಜಿನ್ ಒಂದೇ ಉಸಿರಿಗೆ ಎದ್ದಿತು.

ಕಾರು ಅಂಗಳದಲ್ಲಿ ಒಂದು ಸುತ್ತು ಹಾಕಿತು. ತಿರುವಿನಲ್ಲಿ ಬಾಗಿಲ ಕಂಬದಿಂದ, ತಿರುಗುವ ದಿಕ್ಕು ತೋರಿಸುವ ಸಣ್ಣ ಕಿತ್ತಳೆ ಕೈ ಹೊರಚಾಚಿ ಮಡಚಿಕೊಂಡಿತು. ಅವನು ಅದನ್ನು ತಂದು ರಜಿತಾಳ ಕಾಲ ಬಳಿ, ಗಾಳಿಯೂ ಅಲುಗದಷ್ಟು ಮೆತ್ತಗೆ ನಿಲ್ಲಿಸಿದ. ಮುಖ ಬೆಳಗುತ್ತಿತ್ತು. ಅವನು ನೋಡಿದ್ದು ಪೊಲೀಸರನ್ನಲ್ಲ, ಮಲ್ಲೇಶ್ವರಿಯನ್ನು.

"ಈಗ ಹೇಳ್ರಿ. ಕೈ ಯಾರದು?"

ಗಂಗಾಂಬಿಕಾ ಬಂದು ಕಿಟಕಿಯೊಳಗೆ ಬಾಗಿ ಕಂಡಿಕೆಯನ್ನು ದಿಟ್ಟಿಸಿದಳು.

"ಮೇಡಂ, ಇದು ಕಾರಿನಾಗ ಇರೋದಲ್ರಿ."

"ಮತ್ತ?"

"ಅವರ ಅಂಗಿ ಕಿಸೆದಾಗ ಇರೋದು. ಒಂದು ದಿನಾನೂ ಕಾರಿನಾಗ ಬಿಟ್ಟವರಲ್ಲ. ಮಲಗೋವಾಗೂ ಬನೀನ್ ಕಿಸೆದಾಗ ಇಟ್ಕೊಂಡು ಮಲಗ್ತಿದ್ರು. ಯಾತಕ್ಕಂತ ನನಗ ಹೇಳ್ಲಿಲ್ಲ. ಗದ್ವಾಲದ ಮಗ್ಗದ್ದು, ಈಕಿ ಕೊಟ್ಟಿದ್ದು ಅಂದ್ಕೊಂಡು ಎರಡು ಸಲ ಒಲಿಗೆ ಹಾಕಾಕ ಹೋಗಿದ್ದೆ." ಅವಳು ಮೈದುನನ ಮುಖಕ್ಕೆ ಮುಖ ತಂದಳು. "ಶುಕ್ರವಾರ ರಾತ್ರಿ ಅವರ ಎದಿ ಮ್ಯಾಗ ಇತ್ತು. ಅಲ್ಲಿ ಮ್ಯಾಗ ಇಟ್ಟಿದ್ದು ನಿನಗ ಹೆಂಗ ಗೊತ್ತಾತು?"

ಅಂಜನಕುಮಾರ ಕಂಡಿಕೆಯನ್ನು ಅಂಗೈಯಿಂದ ಮುಚ್ಚಿದ. ಇಂಜಿನ್ ತಡವರಿಸದೆ ಓಡುತ್ತಿತ್ತು. ರಜಿತಾ ಕೈ ಚಾಚಿ ಕೀಲಿ ತಿರುವಿ, ಅದನ್ನು ಹೊರತೆಗೆದಳು.

ಅವಳ ತೀರ್ಮಾನ ಇಷ್ಟು: ಗಂಗಾಂಬಿಕಾ ಈ ಕಾರನ್ನು ನಡೆಸಿಲ್ಲ. ಭೀಮಶಂಕರ ಕಿಸೆಯಿಂದ ಬಿಡದ ಕಂಡಿಕೆಯನ್ನು ಕೊನೆಯ ಸಲ ಬಳಸಿದವರು ಚಾವಣಿಯ ಸೀಳಿನಲ್ಲಿ ಬಚ್ಚಿಟ್ಟರು. ಪೊಲೀಸರಿಗೆ ಸಿಗದ ಆ ಜಾಗ ಬಚ್ಚಿಟ್ಟವರಿಗೆ ಮಾತ್ರ ತಿಳಿದಿತ್ತು. ಶನಿವಾರದ ನಸುಕಿನಲ್ಲಿ ಅದನ್ನು ಭೀಮಶಂಕರನ ಮೈಮೇಲಿಂದ ತೆಗೆದು, ಕಾರನ್ನು ಜೂರಾಲದ ದಂಡೆಗೆ ಒಯ್ದವನು ಅಂಜನಕುಮಾರ. ಭೀಮಶಂಕರ ಈಗ ಎಲ್ಲಿದ್ದಾನೆ ಎಂಬುದನ್ನು ಹೇಳಬೇಕಾದವನೂ ಅವನೇ; ಅಲ್ಲಿಯವರೆಗೆ ಹುಡುಕಾಟ ನಿಲ್ಲುವುದಿಲ್ಲ.